ಬೋನಸ್ ತಿಂಗಳ ಲೆಕ್ಕ

ಹತ್ತಿ ಮಿಲ್ಲಿನ ಊರಲ್ಲಿ ಬೆಳೆದವರಿಗೆ ದೀಪಾವಳಿ ಅಂದರೆ ಬೋನಸ್ ನೆನಪಾಗುತ್ತದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲದ ಕೊನೆಯ ವರ್ಷಗಳಲ್ಲೇ ನನ್ನ ಬಾಲ್ಯ ಕಳೆಯಿತು. ಅಪ್ಪ ಒಂದು ಮಿಲ್ಲಿನ ನೂಲಿನ ವಿಭಾಗದಲ್ಲಿ ಪಾಳಿ ಕೆಲಸಕ್ಕಿದ್ದ. 1965ರ ಬೋನಸ್ ಕಾಯ್ದೆಯ ಪ್ರಕಾರ ವರ್ಷದ ಸಂಬಳದ ಶೇ 8.33ರಷ್ಟನ್ನಾದರೂ ಕಾರ್ಮಿಕರಿಗೆ ಕೊಡಲೇಬೇಕಿತ್ತು. ಹನ್ನೆರಡರಲ್ಲಿ ಒಂದು ಪಾಲು, ಅಂದರೆ ವರ್ಷಕ್ಕೆ ಹದಿಮೂರನೆಯ ಸಂಬಳ. ಉಳಿದ ಹನ್ನೆರಡು ಸಂಬಳಗಳು ಮನೆಗೆ ಬರುವ ಮುಂಚೆಯೇ ಬೇರೆಯವರ ಪಾಲಾಗಿರುತ್ತಿದ್ದವು: ಮನೆ ಬಾಡಿಗೆ, ಕಿರಾಣಿ ಅಂಗಡಿಯ ಖಾತೆ, ಹಾಲಿನವಳ ಬಾಕಿ, ಅಜ್ಜಿಯ ಔಷಧಿ. ಹದಿಮೂರನೆಯದಕ್ಕೆ ಮಾತ್ರ ಹಾಗೆ ಕಾದು ಕೂತ ಬಾಕಿದಾರರಿರಲಿಲ್ಲ. ಯಾವುದು ಬೇಕೇಬೇಕು, ಯಾವುದಿಲ್ಲದಿದ್ದರೂ ನಡೆಯುತ್ತದೆ ಎಂದು ಮನೆಮಂದಿಯೆಲ್ಲ ಕೂತು ಮಾತಾಡುತ್ತಿದ್ದುದು ಆ ಒಂದು ತಿಂಗಳಲ್ಲಿ. ಖರ್ಚಿನ ಬಗ್ಗೆ ನಾನು ಕಲಿತದ್ದರ ಬಹುಪಾಲು ಆ ಮಾತುಗಳಿಂದ ಬಂದದ್ದು. ಆ ಮಾತುಗಳಲ್ಲಿ ಬಾರದೇ ಹೋದದ್ದರಿಂದಲೂ ಅಷ್ಟೇ ಕಲಿತೆ.

ಮನೆಯ ಲೆಕ್ಕ ಅವ್ವನದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ಕೂಡುವ ಕಳೆಯುವ ಲೆಕ್ಕದಲ್ಲಿ ಕಿರಾಣಿ ಅಂಗಡಿಯವನೂ ಅವಳೊಂದಿಗೆ ವಾದಕ್ಕೆ ಇಳಿಯುತ್ತಿರಲಿಲ್ಲ. ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರೇ ಅವಳ ಲೆಕ್ಕದ ಪುಸ್ತಕ. ಆಯಾ ತಾರೀಖಿನ ಪಕ್ಕದಲ್ಲಿ ಅವತ್ತು ಹಾಕಿಸಿಕೊಂಡ ಹಾಲಿನ ಲೆಕ್ಕ. ಸೊಸೈಟಿಯಲ್ಲಿ ಸೀಮೆಎಣ್ಣೆ ಕೊಟ್ಟ ದಿನಕ್ಕೊಂದು ಸುತ್ತು. ಯಾರಿಗಾದರೂ ಕೈಗಡ ಕೊಟ್ಟಿದ್ದರೆ ಅವರ ಹೆಸರಿನ ಮೊದಲ ಅಕ್ಷರ, ವಾಪಸು ಬಂದ ಮೇಲೆ ಅದರ ಮೇಲೊಂದು ಗೀಟು. ತಿಂಗಳು ಮುಗಿದ ಹಾಳೆಯನ್ನು ಎಸೆಯದೆ ಮಡಚಿ ಅಕ್ಕಿ ಡಬ್ಬಿಯ ಅಡಿಗೆ ಇಡುತ್ತಿದ್ದಳು. ಹೋದ ವರ್ಷ ಇದೇ ತಿಂಗಳು ಎಣ್ಣೆ ಎಷ್ಟು ಹೋಗಿತ್ತು ಎಂಬ ಪ್ರಶ್ನೆ ಬಂದರೆ ಆ ಹಾಳೆಗಳು ಹೊರಬರುತ್ತಿದ್ದವು.

ಬಟವಾಡೆಯ ಸಂಜೆ ಅಪ್ಪ ಸಂಬಳದ ಕವರನ್ನು ದೇವರ ಮುಂದಿಟ್ಟು ಕೈಮುಗಿದು ಅವ್ವನ ಕೈಗೆ ಕೊಡುತ್ತಿದ್ದ. ಸೈಕಲ್ಲಿನ ಪಂಕ್ಚರು, ಚಹಾ, ಬೀಡಿಗೆಂದು ಅವಳೇ ಒಂದಿಷ್ಟು ಎಣಿಸಿ ತಿರುಗಿ ಕೊಡುತ್ತಿದ್ದಳು. ಮೊದಲು ತೀರುತ್ತಿದ್ದುದು ಕಿರಾಣಿ ಅಂಗಡಿಯ ಖಾತೆ. ಹಿಂದಿನ ಬಾಕಿ ಚುಕ್ತಾ ಆಗದಿದ್ದರೆ ಮುಂದಿನ ತಿಂಗಳ ಜೋಳ, ಬೇಳೆ, ಶೇಂಗಾ ಎಣ್ಣೆ ಬರುವುದಿಲ್ಲ. ಆಮೇಲೆ ಬಾಡಿಗೆ. ಆಮೇಲೆ ಹಾಲು. ಓಣಿಯ ಹೆಂಗಸರು ಸೇರಿ ಕಟ್ಟುತ್ತಿದ್ದ ಚೀಟಿಯ ಕಂತು ನಾಲ್ಕನೆಯದು. ಇಷ್ಟಾದ ಮೇಲೆ ಉಳಿದದ್ದು ಸಾಸಿವೆ ಡಬ್ಬಿ ಸೇರುತ್ತಿತ್ತು. ಆ ಡಬ್ಬಿಯ ಸದ್ದು ಕೇಳಿಸಿದ ಮೇಲೆಯೇ ನಾವು ಮಕ್ಕಳು ಬಾಯಿ ಬಿಡುತ್ತಿದ್ದೆವು.

ನಾವು ಏನು ಕೇಳಿದರೂ ಅವಳ ಉತ್ತರ ಒಂದೇ. "ಮುಂದಿನ ಬಟವಾಡೆಗೂ ನೆನಪಿದ್ರೆ ಕೇಳು." ಇಲ್ಲ ಅನ್ನುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ದುಡ್ಡಿನ ಕಷ್ಟ ಹೇಳಿ ನಮ್ಮ ಮುಖ ಸಣ್ಣದು ಮಾಡುತ್ತಿರಲಿಲ್ಲ. ಮುಂದಿನ ತಿಂಗಳು ನೆನಪಿಟ್ಟು ಕೇಳಿದರೆ ನಿಜವಾಗಿಯೂ ಯೋಚಿಸುತ್ತಿದ್ದಳು. ಚೌಕಿಪೇಟೆಯ ಅಂಗಡಿಯಲ್ಲಿ ಕಂಡ ಹೊಳೆಯುವ ಲಂಗದ ಬಟ್ಟೆ ಹೀಗೆಯೇ ನನ್ನ ಮನಸ್ಸಿನಿಂದ ಜಾರಿತು. ಬೇರೆ ಅಂಗಡಿಯಲ್ಲಿ ಬೇರೆ ಬಟ್ಟೆ ಕಂಡಿತ್ತು, ಮೊದಲಿನದು ಮರೆತೇಹೋಯಿತು. ಜಾಮಿಟ್ರಿ ಬಾಕ್ಸ್ ಮಾತ್ರ ಜಾರಲಿಲ್ಲ. ಲೆಕ್ಕದ ಪೀರಿಯಡ್ ಬಂದಾಗಲೆಲ್ಲ ಪಕ್ಕದವಳ ಕಂಪಾಸಿಗೆ ಕೈ ಚಾಚಬೇಕಿತ್ತು. ಮುಂದಿನ ಬಟವಾಡೆಗೆ ಕೇಳಿದೆ, ಬಂತು.

ಆ ಕಾಯುವಿಕೆ ಏನು ಮಾಡುತ್ತಿತ್ತು ಎಂದು ಎಷ್ಟೋ ವರ್ಷಗಳ ನಂತರ ನನಗೆ ಸ್ಪಷ್ಟವಾಯಿತು. ಕಣ್ಣಿಗೆ ಬಿದ್ದದ್ದರಿಂದ ಹುಟ್ಟಿದ ಆಸೆ, ಕಣ್ಣ ಮುಂದಿನಿಂದ ಸರಿದ ಮೇಲೆ ಬಹಳ ದಿನ ಬದುಕುವುದಿಲ್ಲ. ಕೊರತೆಯಿಂದ ಹುಟ್ಟಿದ್ದು ಹಾಗಲ್ಲ, ಆ ವಸ್ತು ಇಲ್ಲದ ಪ್ರತಿಯೊಂದು ದಿನವೂ ಅದು ಮತ್ತೆ ಹುಟ್ಟುತ್ತದೆ. ಎರಡನ್ನೂ ಬೇರೆ ಮಾಡಲು ಅವ್ವನಿಗೆ ತರ್ಕ ಬೇಕಿರಲಿಲ್ಲ, ಒಂದು ತಿಂಗಳ ಕಾಲ ಸಾಕಿತ್ತು. ಹಣ ಉಳಿಸಲು ಇಂದಿಗೂ ನನಗೆ ಗೊತ್ತಿರುವ ಒಳ್ಳೆಯ ಉಪಾಯ ಇದೇ.

ಆದರೆ ಅವಳು ತನ್ನ ನಿಯಮವನ್ನು ತಾನೇ ಬದಿಗಿಟ್ಟ ಒಂದು ಸಲ ಚೆನ್ನಾಗಿ ನೆನಪಿದೆ. ನಾನು ಹೈಸ್ಕೂಲಿಗೆ ಸೇರಿದ ವರ್ಷ. ಪ್ರೈಮರಿ ಶಾಲೆಯಲ್ಲಿ ಬರಿಗಾಲಿನ ಮಕ್ಕಳೇ ಹೆಚ್ಚಿದ್ದರು, ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ನನ್ನ ಬೆಂಚಿನ ಹುಡುಗಿಯರೆಲ್ಲರ ಕಾಲಲ್ಲೂ ಚಪ್ಪಲಿ ಇತ್ತು. ನಾನು ಲಂಗದೊಳಗೆ ಪಾದ ಎಳೆದುಕೊಂಡು ಕೂರುವುದನ್ನು ರೂಢಿ ಮಾಡಿಕೊಂಡೆ. ಮನೆಯಲ್ಲೂ ಹಾಗೇ ಕೂತಿದ್ದನ್ನು ಅವ್ವ ಗಮನಿಸಿದ್ದಳು. ಕಾರಣ ಕೇಳಿ ತಿಳಿದುಕೊಂಡು ಅವತ್ತೇ ಸಂಜೆ ಚಪ್ಪಲಿ ಕೊಡಿಸಿದಳು. "ನಾವೆಲ್ಲ ಬರಿಗಾಲಲ್ಲೇ ಬಾಳ್ವೆ ಮಾಡ್ಲಿಲ್ವಾ?" ಎಂದು ಅಜ್ಜಿ ತಕರಾರು ತೆಗೆದಳು. "ನಿಮ್ ಕಾಲದಾಗೆ ಎಲ್ರೂ ಬರಿಗಾಲಾಗಿದ್ರು ಅತ್ತೆ. ಈಗ ಇವಳೊಬ್ಳೇ ಅದಾಳೆ" ಎಂದಳು ಅವ್ವ.

ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದುವಾಗ ಆ ಮಾತು ಮತ್ತೆ ಎದುರಾಯಿತು. ಆಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ 'ವೆಲ್ತ್ ಆಫ್ ನೇಷನ್ಸ್' ಗ್ರಂಥದಲ್ಲಿ, ಜೀವ ಉಳಿಸಿಕೊಳ್ಳಲು ಬೇಕಾದದ್ದಷ್ಟೇ ಅಗತ್ಯವಲ್ಲ ಎನ್ನುತ್ತಾನೆ. ಯಾವುದಿಲ್ಲದೆ ಮರ್ಯಾದಸ್ಥ ಬಡವನೂ ನಾಲ್ಕು ಜನರ ಮುಂದೆ ಬರಲು ನಾಚಬೇಕಾಗುತ್ತದೋ ಅದೂ ಅಗತ್ಯವೇ. ಹಳೆಯ ಗ್ರೀಕರೂ ರೋಮನ್ನರೂ ನಾರುಬಟ್ಟೆಯ ಅಂಗಿಯಿಲ್ಲದೆ ಸುಖವಾಗಿದ್ದಿರಬಹುದು, ತನ್ನ ಕಾಲದ ಕೂಲಿಯಾಳಿಗೆ ಅದಿಲ್ಲದೆ ಹೊರಗೆ ತಲೆ ಎತ್ತಲಾಗದು ಎಂಬುದು ಅವನು ಕೊಡುವ ಉದಾಹರಣೆ. ಅವ್ವ ಅಜ್ಜಿಗೆ ಕೊಟ್ಟ ಉತ್ತರ ಇದೇ ಆಗಿತ್ತು. ಅದೇ ಜಾಗದಲ್ಲಿ ಚರ್ಮದ ಬೂಟಿನ ಮಾತೂ ಬರುತ್ತದೆ. ಇಂಗ್ಲೆಂಡಿನಲ್ಲಿ ಬಡ ಗಂಡಸಿಗೂ ಹೆಂಗಸಿಗೂ ಬೂಟು ಅಗತ್ಯ. ಸ್ಕಾಟ್ಲೆಂಡಿನಲ್ಲಿ ಬಡ ಗಂಡಸಿಗೆ ಮಾತ್ರ ಅಗತ್ಯ, ಅದೇ ವರ್ಗದ ಹೆಂಗಸು ಬರಿಗಾಲಲ್ಲಿ ಓಡಾಡಿದರೆ ಮಾನ ಹೋಗುವುದಿಲ್ಲ ಎಂದು ಅವನು ತನ್ನ ನಾಡಿನ ರೂಢಿಯನ್ನು ದಾಖಲಿಸುತ್ತಾನೆ. ಆ ಸಾಲುಗಳನ್ನು ಓದಿ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತೆ. ಅದೇ ದಾರಿ, ಅದೇ ಚಳಿ, ಅದೇ ಕಲ್ಲು. ಒಬ್ಬರ ಕಾಲಿಗೆ ಬೂಟು ಅಗತ್ಯ, ಇನ್ನೊಬ್ಬರ ಕಾಲಿಗೆ ಅಲ್ಲ. ನನಗೆ ನಮ್ಮ ಅಡುಗೆಮನೆ ನೆನಪಾಗಿತ್ತು.

ನಮ್ಮದು ವಠಾರದ ಮನೆ. ಅಡುಗೆಮನೆಗೆ ಕಿಟಕಿಯಿರಲಿಲ್ಲ, ಹೆಂಚಿನ ನಡುವೆ ಒಂದು ಗಾಜು ಇತ್ತು. ಸೌದೆ ದುಬಾರಿಯಾದಾಗ ಹೊಟ್ಟಿನ ಒಲೆ. ಭದ್ರಾ ನಾಲೆಯ ಭತ್ತ ದಾವಣಗೆರೆಯ ರೈಸ್ ಮಿಲ್ಲುಗಳಿಗೆ ಬರುತ್ತಿದ್ದರಿಂದ ಹೊಟ್ಟು ಅಗ್ಗಕ್ಕೆ ಸಿಗುತ್ತಿತ್ತು. ಸೊಸೈಟಿಯ ಸೀಮೆಎಣ್ಣೆ ಸ್ಟೌವಿನ ಚಹಾಕ್ಕೂ ರಾತ್ರಿ ಕರೆಂಟು ಹೋದಾಗಿನ ದೀಪಕ್ಕೂ ಮೀಸಲು. ರೊಟ್ಟಿ, ಅನ್ನ, ಸಾರು, ನಮ್ಮ ಸ್ನಾನದ ನೀರು ಎಲ್ಲವೂ ಹೊಗೆಯೊಳಗೇ ಆಗಬೇಕು. ಅವ್ವ ಊದುಗೊಳವೆ ಹಿಡಿದು ಬಗ್ಗಿದಳೆಂದರೆ ಕೆಮ್ಮು ಶುರುವಾಗುತ್ತಿತ್ತು. ಬೆಳಗಿನ ಜಾವದ ಆ ಕೆಮ್ಮಿಗೆ ನಾವು ಎಷ್ಟು ಹೊಂದಿಕೊಂಡಿದ್ದೆವೆಂದರೆ, ಅದು ಕೇಳಿದರೆ ಏಳುವ ಹೊತ್ತಾಯಿತೆಂದು ತಿಳಿಯುತ್ತಿದ್ದೆವು.

ಅಪ್ಪನಿಗೂ ಕೆಮ್ಮಿತ್ತು. ನೂಲಿನ ವಿಭಾಗದಲ್ಲಿ ಹತ್ತಿಯ ಧೂಳು ಸದಾ ಗಾಳಿಯಲ್ಲಿರುತ್ತದೆ. ವರ್ಷಾನುಗಟ್ಟಲೆ ಅದನ್ನು ಉಸಿರಾಡಿದವರಿಗೆ ಎದೆ ಬಿಗಿಯುವ ಕಾಯಿಲೆ ಬರುತ್ತದೆಂದು ವೈದ್ಯಕೀಯ ಒಪ್ಪಿಕೊಂಡಿದೆ, ಅದಕ್ಕೆ ಬಿಸ್ಸಿನೋಸಿಸ್ ಎಂಬ ಹೆಸರೂ ಇದೆ. ಅಪ್ಪ ಇಎಸ್‌ಐ ದವಾಖಾನೆಗೆ ಹೋಗುತ್ತಿದ್ದ, ಮಾತ್ರೆ ತರುತ್ತಿದ್ದ. ಆ ಇಎಸ್‌ಐ ಕಾರ್ಡಿನಲ್ಲಿ ಅವ್ವನ ಹೆಸರೂ ಇತ್ತು. ಕಾರ್ಮಿಕರ ಕುಟುಂಬಕ್ಕೂ ಅಲ್ಲಿ ಚಿಕಿತ್ಸೆ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಆದರೂ ಅವ್ವ ತನ್ನ ಕೆಮ್ಮಿಗೆಂದು ಆ ಮೆಟ್ಟಿಲು ಹತ್ತಿದ್ದನ್ನು ನಾನು ಕಾಣೆ. ಅಪ್ಪನ ಕೆಮ್ಮು ಕೆಲಸದಿಂದ ಬಂದದ್ದು, ಆದ್ದರಿಂದ ಅದು ಕಾಯಿಲೆ. ಅವ್ವ ಮಾಡುತ್ತಿದ್ದುದನ್ನು ಕೆಲಸವೆಂದು ಯಾರೂ ಎಣಿಸಿರಲಿಲ್ಲ, ಆದ್ದರಿಂದ ಅವಳ ಕೆಮ್ಮು ಬರೀ ಕೆಮ್ಮು.

1987ರ ದೀಪಾವಳಿಗೆ ಮುಂಚೆ ಗ್ಯಾಸ್ ಏಜೆನ್ಸಿಯಿಂದ ಕಾರ್ಡು ಬಂತು. ಆ ಕಾಲಕ್ಕೆ ಗ್ಯಾಸ್ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಸೋದರಮಾವ ಯಾವಾಗಲೋ ಅಪ್ಪನ ಹೆಸರು ಬರೆಸಿ ಬಂದಿದ್ದ, ನಾವು ಮರೆತಿದ್ದೆವು. ಡಿಪಾಜಿಟ್ಟು, ಒಲೆ, ರೆಗ್ಯುಲೇಟರು, ಪೈಪು ಎಲ್ಲ ಸೇರಿ ಬೋನಸ್ಸಿನ ದೊಡ್ಡ ಪಾಲು ಅದಕ್ಕೇ ಬೇಕಿತ್ತು. ಅದೇ ವರ್ಷದ ಜನವರಿಯಿಂದ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಬರುತ್ತಿತ್ತು. ಓಣಿಯ ಮಾಳಿಗೆಗಳ ಮೇಲೆ ಒಂದೊಂದೇ ಆಂಟೆನಾ ಏಳುತ್ತಿತ್ತು. ನಾವು ಬೇರೆಯವರ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹಿಂದಿನ ಸಾಲಲ್ಲಿ ಕೂತು ನೋಡಿ ಬರುತ್ತಿದ್ದೆವು. ಅಜ್ಜಿಗೆ ಅಷ್ಟು ದೂರ ನಡೆಯಲಾಗುತ್ತಿರಲಿಲ್ಲ. ಕಂತಿನಲ್ಲಿ ಕಪ್ಪು ಬಿಳುಪು ಟಿವಿ ಕೊಡುವ ಅಂಗಡಿಯೊಂದು ಮಂಡಿಪೇಟೆಯ ಕಡೆಯಿತ್ತು. ಮೊದಲ ಕಂತು ದೊಡ್ಡದು, ಅದಕ್ಕೂ ಬೋನಸ್ಸೇ ಬೇಕು.

ಅವತ್ತಿನ ಮಾತುಕತೆ ನನಗೆ ಅಕ್ಷರಶಃ ನೆನಪಿದೆ. ಗ್ಯಾಸಿನ ಮೇಲೆ ಬೇಯಿಸಿದ್ದು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎಂದಳು ಅಜ್ಜಿ, ಆಗ ಬಹಳ ಜನ ನಂಬಿದ್ದ ಮಾತದು. ಅಣ್ಣನಿಗೂ ತಮ್ಮನಿಗೂ ಟಿವಿ ಬೇಕಿತ್ತು, ನನಗೂ ಬೇಕಿತ್ತು. ಅಪ್ಪ ಕೊನೆಗೆ ಅವ್ವನ ಕಡೆ ತಿರುಗಿ, "ನೀನೇನಂತೀಯಾ? ಒಲೆ ಮುಂದೆ ಕೂರಾಕಿ ನೀನು" ಎಂದ. ಕೇಳಿದ್ದು ಮನಸಾರೆಯೇ.

"ಗ್ಯಾಸಿಗೇನು ಅವಸರ? ಒಲೆ ಉರೀತಾನೇ ಐತಲ್ಲ" ಎಂದಳು ಅವ್ವ. "ಟಿವಿ ಆದ್ರೆ ಹುಡುಗ್ರೂ ನೋಡ್ತಾವೆ, ಅತ್ತೇರಿಗೂ ಹೊತ್ತು ಹೋಗ್ತೈತೆ."

ಟಿವಿ ಬಂತು. ಅದನ್ನು ವ್ಯರ್ಥ ಖರ್ಚೆಂದು ನಾನು ಇಂದಿಗೂ ಹೇಳುವುದಿಲ್ಲ. ಭಾನುವಾರ ಒಂಬತ್ತೂವರೆಗೆ ಓಣಿಯ ಅರ್ಧ ಜನ ನಮ್ಮ ಪಡಸಾಲೆಯಲ್ಲಿರುತ್ತಿದ್ದರು. ಅಜ್ಜಿ ಮುಂದಿನ ಸಾಲಲ್ಲಿ ಕೂತು ಕೈಮುಗಿಯುತ್ತಿದ್ದಳು. ಅಷ್ಟರೊಳಗೆ ರೊಟ್ಟಿ ಬಡಿದು ಮುಗಿಸಲು ಅವ್ವ ಇನ್ನೂ ಬೇಗ ಎದ್ದು ಒಲೆ ಹಚ್ಚುತ್ತಿದ್ದಳು. ವಾರದಲ್ಲಿ ಒಮ್ಮೆ ಹಗಲು ಹೊತ್ತು ಅವಳು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಆ ಟಿವಿಯ ಮುಂದೆ. ಸಂತೋಷವೂ ಮನೆಗೆ ಬೇಕಾದದ್ದೇ. ನನ್ನನ್ನು ಇಷ್ಟು ವರ್ಷ ಕಾಡಿದ್ದು ಬೇರೆ ಸಂಗತಿ. ಒಬ್ಬ ಹೆಂಗಸಿನ ಎದೆಯ ಪ್ರಶ್ನೆಯಾಗಿದ್ದ ಗ್ಯಾಸ್ ಒಲೆ, ಆ ಮಾತುಕತೆಯಲ್ಲಿ ಟಿವಿಯ ಪಕ್ಕದಲ್ಲಿ ಇನ್ನೊಂದು ಶೋಕಿಯಾಗಿ ನಿಂತಿತ್ತು. ಅದನ್ನು ಹಾಗೆ ನಿಲ್ಲಿಸಿದವರಲ್ಲಿ ಆ ಹೆಂಗಸೂ ಇದ್ದಳು.

ಅವಳ ನಿಯಮದ ಮಿತಿ ಇಲ್ಲಿತ್ತು. ಮುಂದಿನ ಬಟವಾಡೆಗೂ ನೆನಪಿದ್ದರೆ ಕೇಳಬೇಕು, ಸರಿ. ಆದರೆ ಆ ಪರೀಕ್ಷೆಗೆ ಕೂರುವುದು ಬಾಯಿಬಿಟ್ಟು ಕೇಳಿದ್ದು ಮಾತ್ರ. ಮಕ್ಕಳು ಕೇಳುತ್ತಿದ್ದೆವು, ಆದ್ದರಿಂದ ನಮ್ಮ ಆಸೆ ಯಾವುದು, ಕೊರತೆ ಯಾವುದು ಎಂದು ಸೋಸಿ ತೆಗೆಯಲಾಗುತ್ತಿತ್ತು. ಅವ್ವ ಕೇಳುತ್ತಲೇ ಇರಲಿಲ್ಲ. ಅವಳ ಕೊರತೆಗಳು ಆ ಕ್ಯಾಲೆಂಡರಿನ ಯಾವ ತಾರೀಖಿಗೂ ಬರಲಿಲ್ಲ. ಕಾಯುವುದನ್ನು ಚೆನ್ನಾಗಿ ಕಲಿತವರಿಗೆ ಕಾಯಿಸುವ ಪರೀಕ್ಷೆಯಿಂದ ನ್ಯಾಯ ಸಿಗುವುದಿಲ್ಲ. ಅವರು ಎಷ್ಟು ದಿನ ಬೇಕಾದರೂ ಕಾಯುತ್ತಾರೆ, ಅದನ್ನೇ ನೋಡಿ ಅವರಿಗೆ ಬೇಕಿಲ್ಲವೆಂದು ಮನೆ ತಿಳಿಯುತ್ತದೆ.

ಇನ್ನೊಂದು ದೊಡ್ಡ ಖರ್ಚಿನ ವಿಷಯವನ್ನೂ ಹೇಳಬೇಕು. ನಮ್ಮ ಊರಿನ ದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ಬಡವರ ಮನೆಯಲ್ಲೂ ನೆಂಟರು ತುಂಬಿರುತ್ತಾರೆ. ಕುರಿ, ಅಕ್ಕಿ, ಎಣ್ಣೆ, ಬಂದವರಿಗೆ ಕುಪ್ಪಸದ ಬಟ್ಟೆ, ಮಕ್ಕಳ ಕೈಗೆ ಚಿಲ್ಲರೆ. ಜಾತ್ರೆಗೆಂದು ಸಾಲ ಮಾಡದ ಮನೆ ನಮ್ಮ ವಠಾರದಲ್ಲಿ ಇರಲಿಲ್ಲ. ಕಾಲೇಜಿನಲ್ಲಿ ಓದುವಾಗ ಪಾಠದಲ್ಲಿ ಇದಕ್ಕೆ ಅನುತ್ಪಾದಕ ವೆಚ್ಚ ಎಂಬ ಹೆಸರಿತ್ತು. ಮನೆಗೆ ಬಂದು ಆ ಮಾತನ್ನು ಹೇಳಿದ್ದೆ. ಅವ್ವ ಉತ್ತರ ಕೊಡಲಿಲ್ಲ, ನೆಂಟರ ಊರುಗಳ ಹೆಸರು ಹೇಳುತ್ತಾ ಯಾರಿಗೆ ಎಷ್ಟು ಜನ ಎಂದು ಬೆರಳು ಮಡಚುತ್ತಿದ್ದಳು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅಪ್ಪನ ಮಿಲ್ಲು ನಿಂತಿತು. ಊರಿನ ಹತ್ತಿ ಮಿಲ್ಲುಗಳು ಒಂದರ ಹಿಂದೊಂದು ಮುಚ್ಚಿದ ಕಾಲ ಅದು. ಮೊದಲು ಲೇಆಫ್ ಎಂದರು, ಆಮೇಲೆ ಗೇಟಿಗೆ ಬೀಗ ಬಿತ್ತು. ಬರಬೇಕಾದ ಹಣ ಕೈಗೆ ಬರಲು ವರ್ಷಗಳೇ ಹಿಡಿದವು. ಆಗ ನಮ್ಮ ಮನೆಯನ್ನು ನಡೆಸಿದ್ದು ಜಾತ್ರೆಗೆ ಬಂದು ಉಂಡು ಹೋದವರು. ನಾಲೆಯ ಕಡೆಯ ಊರಿನ ನೆಂಟರು ಅಕ್ಕಿ ಕಳಿಸಿದರು, ಜಗಳೂರು ಕಡೆಯವರು ಜೋಳ ತಂದು ಇಳಿಸಿದರು. ತಮ್ಮನ ಫೀಸು ಕಟ್ಟಿದ್ದು ಅವ್ವನ ದೊಡ್ಡಮ್ಮನ ಮಗ. ಇವರಲ್ಲಿ ಯಾರೂ ಕಾಗದದ ಮೇಲೆ ನಮಗೆ ಸಾಲಗಾರರಾಗಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಅವ್ವ ಮಾಡಿದ ಖರ್ಚು ಇಷ್ಟು ದೊಡ್ಡ ಆಸರೆಯನ್ನು ಕಟ್ಟಿಟ್ಟಿತ್ತು. ಮಿಲ್ಲು ಮುಚ್ಚಿದ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಕಿರಾಣಿ ಅಂಗಡಿ ಖಾತೆ ಮುಂದುವರಿಸುವುದಿಲ್ಲ. ನೆಂಟರನ್ನು ಉಳಿಸಿಕೊಳ್ಳುವ ಖರ್ಚು ಬಡವರಿಗೆ ದವಸದಷ್ಟೇ ಅಗತ್ಯ ಎಂದು ನಾನು ಅಂದು ತಿಳಿದೆ. ಹೊರಗಿನವರು ನಮ್ಮ ಖರ್ಚಿನ ಪಟ್ಟಿ ನೋಡಿ ಯಾವುದು ದುಂದು ಎಂದು ತೀರ್ಪು ಕೊಡುವುದನ್ನು ಅಂದಿನಿಂದ ನಾನು ಒಪ್ಪಿಲ್ಲ.

ಈ ವಿಷಯ ಯೋಚಿಸುವಾಗಲೆಲ್ಲ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಲಕ್ಕಮ್ಮ, ಮಾರಯ್ಯ ದಂಪತಿಗೆ ಅಂಗಳದಲ್ಲಿ ಬಿದ್ದ ಅಕ್ಕಿ ಆಯುವುದೇ ಕಾಯಕ. ಒಂದು ದಿನ ಗಂಡ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಅಳತೆಯದಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ತಿರುಗಿ ಕಳಿಸಿದಳೆಂಬ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಆಸೆಗೆ ಮಿತಿಯಿರಲಿ ಎಂಬ ಪಾಠಕ್ಕಾಗಿ ಅದನ್ನು ಹೇಳುತ್ತಾರೆ. ನನಗೆ ಅದರಲ್ಲಿ ಇನ್ನೂ ಎರಡು ಸಂಗತಿ ಕಾಣುತ್ತವೆ. ಎಷ್ಟು ಸಾಕು ಎಂಬ ಅಳತೆ ಒಲೆಯ ಮುಂದೆ ಕೂತವಳ ಕೈಯಲ್ಲಿತ್ತು, ಅವಳ ಮಾತಿಗೆ ಗಂಡ ಮರುಮಾತಿಲ್ಲದೆ ತಲೆಬಾಗಿದ. ಮತ್ತೆ, ಆ ದಂಪತಿ ಆಯ್ದ ಅಕ್ಕಿಯಲ್ಲೇ ದಾಸೋಹ ನಡೆಸಿದವರು. ಲಕ್ಕಮ್ಮನ ಅಳತೆಯಲ್ಲಿ ಬಂದವರ ಊಟವೂ ಸೇರಿತ್ತು. ಇಬ್ಬರ ಹೊಟ್ಟೆಗಷ್ಟೇ ಸಾಕೆಂದು ಅವಳು ಅಳೆದವಳಲ್ಲ. ಅವ್ವನ ಕೈಯಲ್ಲೂ ಅಂಥ ಅಳತೆಯಿತ್ತು. ಮಕ್ಕಳು, ಅತ್ತೆ, ಗಂಡ, ನೆಂಟರು ಎಲ್ಲರೂ ಅದರೊಳಗೆ ಬರುತ್ತಿದ್ದರು. ಅಳೆಯುವವಳು ಮಾತ್ರ ಹೊರಗೆ ಉಳಿದಿದ್ದಳು.

ಮಿಲ್ಲು ಮುಚ್ಚಿದ ಮೇಲೆ ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆಯಾಗಿ ಸೇರಿದೆ. ನಿವೃತ್ತಿಯವರೆಗೆ ಹೆಚ್ಚು ವರ್ಷ ಕೂತದ್ದು ಸಾಲದ ಮೇಜಿನಲ್ಲಿ. ಅರ್ಜಿಯಲ್ಲಿ 'ಸಾಲದ ಉದ್ದೇಶ' ಎಂಬ ಒಂದು ಕಲಂ ಇರುತ್ತದೆ. ಅಲ್ಲಿ ಎಮ್ಮೆ ಖರೀದಿ ಎಂದು ಬರೆದವರ ಮನೆಗೆ ಎಮ್ಮೆ ಬರುತ್ತಿರಲಿಲ್ಲ, ಮಗಳ ಬಾಣಂತನ ಆಗಿರುತ್ತಿತ್ತು. ಇದನ್ನು ಮೋಸವೆಂದು ಕಾಣಲು ನನಗೆ ಮನಸ್ಸು ಬರಲಿಲ್ಲ. ಬ್ಯಾಂಕಿನ ಕಣ್ಣಿಗೆ ಎಮ್ಮೆ ಅಗತ್ಯ, ಬಾಣಂತನ ಖರ್ಚು. ಜನ ತಮ್ಮ ಅಗತ್ಯವನ್ನು ಬ್ಯಾಂಕು ಒಪ್ಪುವ ಹೆಸರಿನಲ್ಲಿ ಹೇಳುತ್ತಿದ್ದರು. ಬಂಗಾರದ ಸಾಲದಲ್ಲಿ ಉದ್ದೇಶವನ್ನು ಅಷ್ಟಾಗಿ ಕೆದಕುವುದಿಲ್ಲ. ತಕ್ಕಡಿಗೆ ಬರುತ್ತಿದ್ದ ಬಳೆ, ಸರ, ಓಲೆಗಳೆಲ್ಲ ಹೆಂಗಸರವು. ಮಾತಿಗೆಳೆದರೆ ಕಾರಣ ಹೊರಬರುತ್ತಿತ್ತು: ಬೋರ್‌ವೆಲ್, ಮಗನ ಕಾಲೇಜು, ಮೈದುನನ ಅಂಗಡಿ, ಮಾವನ ಆಪರೇಷನ್. ಎಲ್ಲವೂ ನಿಜವಾದ ಅಗತ್ಯಗಳೇ. ತನಗೊಂದು ಕನ್ನಡಕ ಬೇಕೆಂದು ಬಂಗಾರ ಅಡವಿಟ್ಟ ಹೆಂಗಸನ್ನು ನಾನು ಆ ಮೇಜಿನಲ್ಲಿ ಕಾಣಲಿಲ್ಲ.

2016ರಲ್ಲಿ ಯುಪಿಐ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ತರಕಾರಿ ಗಾಡಿಯ ಮೇಲೂ ಚೌಕಳಿ ಚಿತ್ರ ಅಂಟಿತು. ಚಿಲ್ಲರೆಯ ಗೋಳು ತಪ್ಪಿದ್ದು ದೊಡ್ಡ ಅನುಕೂಲ. ಆದರೆ ನೋಡುವುದಕ್ಕೂ ಕೊಳ್ಳುವುದಕ್ಕೂ ನಡುವೆ ಅವ್ವ ಕಾಪಾಡಿಕೊಂಡಿದ್ದ ಒಂದು ತಿಂಗಳು ಕರಗಿ ಹೋಯಿತು. ಈಗ ಕಂಡ ಕ್ಷಣದಲ್ಲೇ ಕೊಳ್ಳಬಹುದು, ಕೈಯಲ್ಲಿ ಹಣವಿಲ್ಲದಿದ್ದರೂ ಕಂತು ಮಾಡಿಕೊಳ್ಳಬಹುದು. ಕಣ್ಣಿಗೆ ಬಿದ್ದ ಆಸೆ ಸಾಯಲು ಸಮಯವೇ ಸಿಗುವುದಿಲ್ಲ. ಹಳ್ಳಿಗಳಲ್ಲಿ ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲ ಬಂತು. ಅದು ಬಹುಪಾಲು ಹೆಂಗಸರ ಹೆಸರಲ್ಲಿ, ಹೆಂಗಸರ ಗುಂಪಿನ ಜವಾಬ್ದಾರಿಯ ಮೇಲೆ ಸಿಗುವ ಸಾಲ. ಹಣದಲ್ಲಿ ಬೈಕು ಬಂದರೂ, ಮೊಬೈಲು ಬಂದರೂ, ವಾರದ ಕಂತಿನ ದಿನ ಬಾಗಿಲಲ್ಲಿ ನಿಂತವರಿಗೆ ಉತ್ತರ ಕೊಡಬೇಕಾದವಳು ಆಕೆ. ವಸೂಲಿಯ ಕಿರುಕುಳ ಎಷ್ಟು ಮಿತಿಮೀರಿತೆಂದರೆ 2025ರ ಫೆಬ್ರವರಿಯಲ್ಲಿ ಅದನ್ನು ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಗತ್ಯ ಒಬ್ಬರದು, ಆಸೆ ಇನ್ನೊಬ್ಬರದು, ಸಾಲ ಮೂರನೆಯವರ ಹೆಸರಲ್ಲಿ. ಮನೆಯೊಳಗಿನ ಈ ಹಂಚಿಕೆಯನ್ನು ನೋಡದೆ ಬರೀ ಮಿತವ್ಯಯದ ಉಪದೇಶ ಮಾಡಿದರೆ, ಆ ಉಪದೇಶದ ಭಾರವೂ ಮೊದಲೇ ಮಿತವಾಗಿರುವವಳ ಮೇಲೆಯೇ ಬೀಳುತ್ತದೆ.

2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರಲು ಶುರುವಾಯಿತು. ಆ ದಿನಗಳಲ್ಲಿ ಬ್ಯಾಂಕಿನ ಸಾಲುಗಳಲ್ಲಿ ನಿಂತ ಗಂಡಸರು, ಹೆಂಗಸರು ಈ ಹಣವನ್ನು ಶೋಕಿಗೆ ಕಳೆಯುತ್ತಾರೆ ಎಂದು ಮಾತಾಡುವುದನ್ನು ಕೇಳಿದ್ದೇನೆ. ಪಾಸ್‌ಬುಕ್ ಪ್ರಿಂಟ್ ಮಾಡಿಸಲು ಬಂದ ಹಿರಿಯ ಹೆಂಗಸೊಬ್ಬರು ನನಗೆ ತಮ್ಮ ಹೊಸ ಕನ್ನಡಕ ತೋರಿಸಿದರು. ಅಕ್ಕಿಯಲ್ಲಿ ಕಲ್ಲು ಕಾಣದೆ ಮನೆಯವರಿಂದ ಮಾತು ಕೇಳುತ್ತಿದ್ದರಂತೆ. "ಯಾರ್ನೂ ಕೇಳ್ಲಿಲ್ಲಮ್ಮ, ಸೀದಾ ಹೋಗಿ ಮಾಡಿಸ್ಕಂಬಂದೆ" ಎಂದರು. ಯಾರನ್ನೂ ಕೇಳಬೇಕಿಲ್ಲದ ಹಣ ಕೈಗೆ ಬಂದಾಗ ಅವರ ಕೊರತೆ ಮೊದಲ ಬಾರಿಗೆ ಕೊರತೆಯಾಗಿ ಲೆಕ್ಕಕ್ಕೆ ಬಂದಿತ್ತು. ಆ ಕನ್ನಡಕವನ್ನು ಶೋಕಿ ಎನ್ನಲು ಸಾಲಿನಲ್ಲಿ ನಿಂತ ಯಾರಿಗೂ ಬಾಯಿ ಬರಲಾರದು.

ನಮ್ಮ ಮನೆಗೆ ಗ್ಯಾಸ್ ಬಂದದ್ದು ನಾನು ಕೆಲಸಕ್ಕೆ ಸೇರಿದ ಮೇಲೆ. ಅಷ್ಟರಲ್ಲಿ ಅವ್ವನ ಎದೆ ಹಾಳಾಗಿತ್ತು. ಹೊಗೆ ನಿಂತರೂ ಕೆಮ್ಮು ನಿಲ್ಲಲಿಲ್ಲ, ಕೊನೆಯ ವರ್ಷಗಳನ್ನು ಅವಳು ಇನ್‌ಹೇಲರ್ ಹಿಡಿದೇ ಕಳೆದಳು. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. 2016ರ ಮೇ ತಿಂಗಳಲ್ಲಿ ಶುರುವಾದ ಉಜ್ವಲ ಯೋಜನೆಯಲ್ಲಿ ಬಡಕುಟುಂಬಗಳ ಗ್ಯಾಸ್ ಸಂಪರ್ಕವನ್ನು ಹೆಂಗಸಿನ ಹೆಸರಿನಲ್ಲೇ ಕೊಡುತ್ತಾರೆ. ಅದನ್ನು ಓದಿದಾಗ, 1987ರ ಕಾರ್ಡು ಅವ್ವನ ಹೆಸರಿಗೇ ಬಂದಿದ್ದರೆ ಅವತ್ತಿನ ಮಾತುಕತೆ ಬೇರೆಯಾಗುತ್ತಿತ್ತೇನೋ ಎಂದು ಅನ್ನಿಸಿತು. ಅಪ್ಪ ಒಳ್ಳೆಯ ಮನುಷ್ಯ, ಅಜ್ಜಿ ಕೆಟ್ಟವಳಲ್ಲ, ನಾವು ಮಕ್ಕಳು ಮಕ್ಕಳಂತೆಯೇ ಇದ್ದೆವು. ಯಾರ ದುರುದ್ದೇಶವೂ ಇಲ್ಲದೆ, ಪ್ರೀತಿಯಿದ್ದ ಮನೆಯಲ್ಲೇ ಇಂಥ ಅನ್ಯಾಯ ನಡೆದುಹೋಗುತ್ತದೆ. ಅದಕ್ಕೇ ಇದನ್ನು ಬರೆಯಬೇಕೆನಿಸಿತು.

ಖಾತೆ ತೆರೆಯಲು ಬರುತ್ತಿದ್ದ ಹೊಸದಾಗಿ ಮದುವೆಯಾದ ಹುಡುಗಿಯರು, ಮನೆ ನಡೆಸಲು ಲೆಕ್ಕ ಹೇಗಿಡಬೇಕು ಅಕ್ಕಾ ಎಂದು ಕೇಳುತ್ತಿದ್ದರು. ಅವರಿಗೆ ಅವ್ವನ ನಿಯಮವನ್ನೇ ಮೊದಲು ಹೇಳುತ್ತಿದ್ದೆ. ಕಂಡದ್ದನ್ನು ಅಂದೇ ಕೊಳ್ಳಬೇಡ, ಮುಂದಿನ ಸಂಬಳದವರೆಗೆ ಬಿಡು, ಆಗಲೂ ಬೇಕೆನಿಸಿದರೆ ನೋಡು. ಅದರ ಜೊತೆಗೆ ಅವ್ವ ಹೇಳದೆ ಹೋದ ಎರಡು ಮಾತು ಸೇರಿಸುತ್ತಿದ್ದೆ. ಮೈಗೆ ಸಂಬಂಧಿಸಿದ್ದನ್ನು ಕಾಯಿಸಬಾರದು. ಕಣ್ಣು, ಹಲ್ಲು, ಉಸಿರು, ಮುಟ್ಟಿನ ಬಟ್ಟೆ, ಕಾಲಿನ ಚಪ್ಪಲಿ ಮುಂದಿನ ತಿಂಗಳಿಗೆ ಹೋಗುವ ಬಾಬ್ತುಗಳಲ್ಲ. ಮತ್ತೆ, ಪಟ್ಟಿ ಬರೆದು ಮುಗಿದ ಮೇಲೆ ಅದರಲ್ಲಿ ಯಾರ ಹೆಸರಿಲ್ಲ ಎಂದು ನೋಡಬೇಕು. ಇಲ್ಲದ ಹೆಸರು ಮನೆಯ ಹಿರಿಯರದಿರಬಹುದು, ಕಡಿಮೆ ಮಾತಾಡುವ ಮಗುವಿನದಿರಬಹುದು. ಎಷ್ಟೋ ಸಲ ಅದು ಪಟ್ಟಿ ಬರೆಯುವವಳದೇ ಆಗಿರುತ್ತದೆ. ಬೇಡ ಎಂದು ಅವರು ಹೇಳಿದರೆ ಅಲ್ಲಿಗೇ ಬಿಡಬಾರದು, ಇನ್ನೊಮ್ಮೆ ಕೇಳಬೇಕು.

ಈಗ ನಮ್ಮ ಮನೆಯ ಲೆಕ್ಕ ಮಗ ಸೊಸೆಯರ ಫೋನಿನಲ್ಲಿದೆ. ಯಾವುದಕ್ಕೆ ಎಷ್ಟು ಹೋಯಿತೆಂದು ಅದು ಬಣ್ಣದ ಚಕ್ರ ಬಿಡಿಸಿ ತೋರಿಸುತ್ತದೆ. ಅದು ತೋರಿಸುವುದು ಆದ ಖರ್ಚನ್ನು. ಆಗಬೇಕಿದ್ದು ಆಗದೇ ಉಳಿದ ಖರ್ಚನ್ನು ಮನುಷ್ಯರೇ ಮನುಷ್ಯರ ಮುಖ ನೋಡಿ ತಿಳಿಯಬೇಕು. ತಿಂಗಳ ಮೊದಲ ಭಾನುವಾರ ನಾವು ನಾಲ್ವರೂ ಕೂತು ಆ ತಿಂಗಳು ಯಾರು ಏನನ್ನೂ ಕೇಳಿಲ್ಲ ಎಂಬುದನ್ನು ಮೊದಲು ಮಾತಾಡುತ್ತೇವೆ, ಬೇರೆ ಖರ್ಚಿನ ಮಾತು ಆಮೇಲೆ. ಹೋದ ತಿಂಗಳು ಆ ಮಾತು ಸೊಸೆಯ ಬೆನ್ನುನೋವಿನ ಹತ್ತಿರ ಬಂದು ನಿಂತಿತು. ಸೋಫಾ ಬದಲಿಸಲು ಎತ್ತಿಟ್ಟಿದ್ದ ಹಣ ಅವಳ ಚಿಕಿತ್ಸೆಗೆ ಹೋಗುತ್ತಿದೆ. ಸೋಫಾ ಇನ್ನೂ ಬೇಕೆನಿಸಿದರೆ ಮುಂದಿನ ದೀಪಾವಳಿಗೆ ನೋಡುತ್ತೇವೆ.